ಊರಿನ ಕೆಲಸಕ್ಕೆ ತಕ್ಕ ಕೋರ್ಸು: ಕರಾವಳಿಯ ಕಾಲೇಜಿನಲ್ಲಿ ಉದ್ಯೋಗಾಧಾರಿತ ಕಾರ್ಯಕ್ರಮ ರೂಪಿಸುವ ಸಮಗ್ರ ಮಾರ್ಗದರ್ಶಿ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಹೊಸ ಕೋರ್ಸಿನ ಮಾತು ಬಂದಾಗ ಚರ್ಚೆ ಹೆಚ್ಚಾಗಿ ಕೋರ್ಸಿನ ಹೆಸರಿನಿಂದಲೇ ಶುರುವಾಗುತ್ತದೆ. ಪಕ್ಕದ ಕಾಲೇಜು ಡೇಟಾ ಅನಾಲಿಟಿಕ್ಸ್ ತಂದಿದೆ, ನಾವು ಹಿಂದೆ ಬೀಳಬಾರದು. ಏವಿಯೇಷನ್ ಕಲಿತವರಿಗೆ ಬೇಡಿಕೆ ಇದೆಯಂತೆ, ಅದನ್ನೂ ನೋಡೋಣ ಎಂಬ ಮಾತುಗಳ ನಡುವೆ ಹೆಸರು ನಿಶ್ಚಯವಾಗುತ್ತದೆ, ಹೆಸರಿಗೆ ತಕ್ಕ ಪಠ್ಯಕ್ರಮ ಸಿದ್ಧವಾಗುತ್ತದೆ, ಪ್ರವೇಶಾತಿ ಮುಗಿಯುತ್ತದೆ, ಮೊದಲ ತಂಡ ಕೊನೆಯ ಸೆಮಿಸ್ಟರಿಗೆ ಬಂದ ಮೇಲೆ ಕೆಲಸ ಎಲ್ಲಿದೆ ಎಂಬ ಹುಡುಕಾಟ ತೊಡಗುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದೇ ಈ ಬರಹದ ಮುಖ್ಯ ವಾದ: ಮೊದಲು ಊರಿನಲ್ಲಿರುವ ಕೆಲಸವನ್ನು ಎಣಿಸಬೇಕು, ಆಮೇಲೆ ಆ ಕೆಲಸ ಮಾಡುವವರ ದಿನಚರಿಯನ್ನು ಬಿಡಿಸಿ ನೋಡಬೇಕು, ಅದರಿಂದ ಪಠ್ಯ ಹುಟ್ಟಬೇಕು, ಹೆಸರು ಕೊನೆಗೆ ಬಂದರೆ ಸಾಕು.

ಉದ್ಯೋಗವನ್ನು ಕಣ್ಣ ಮುಂದಿಟ್ಟುಕೊಂಡು ಪಾಠ ಹೇಳುವುದು ಕರಾವಳಿಗೆ ಹೊಸದೇನಲ್ಲ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ ಈ ನೆಲದಲ್ಲಿ ಬಿ.ಕಾಂ. ಪದವಿಯು ಯಾರೂ ಹಾಗೆಂದು ಬರೆದಿಡದಿದ್ದರೂ ಬ್ಯಾಂಕಿನ ಕೌಂಟರಿಗೆ ಹೋಗುವ ದಾರಿಯೇ ಆಗಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಮರುವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ನೇಮಕಾತಿಯ ರೀತಿ ಅದಕ್ಕೂ ಮೊದಲೇ ಬದಲಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಬೆಳೆದ ದೊಡ್ಡ ಉದ್ಯಮವೂ ಕಾಂಕ್ರೀಟ್ ಛಾವಣಿ ಬಂದ ಮೇಲೆ ಕುಗ್ಗಿತು. ಕೆಲಸದ ನೆಲೆ ಸರಿಯುತ್ತಲೇ ಇರುತ್ತದೆಯಾದ್ದರಿಂದ, ಕೋರ್ಸನ್ನು ಯೋಜಿಸುವವರು ಅದನ್ನು ಆರಂಭಿಸುವ ವಿಧಾನದ ಜೊತೆಗೆ ಬದಲಿಸುವ ಮತ್ತು ನಿಲ್ಲಿಸುವ ವಿಧಾನವನ್ನೂ ಮೊದಲ ದಿನವೇ ಬರೆದಿಡಬೇಕಾಗುತ್ತದೆ.

ಇದಕ್ಕೆ ಬೇಕಾದ ಶೈಕ್ಷಣಿಕ ಚೌಕಟ್ಟು ನಮ್ಮಲ್ಲಿ ಈಗಾಗಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಸಮುದಾಯ ಕಾಲೇಜು ಯೋಜನೆಯು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಬಂದಿತು, 2014ರಲ್ಲಿ ಬಿ.ವೋಕ್. (ಬ್ಯಾಚುಲರ್ ಆಫ್ ವೊಕೇಷನ್) ಎಂಬ ವೃತ್ತಿ ಕೌಶಲದ ಪದವಿ ಸೇರಿಕೊಂಡಿತು. ಇದ್ದ ಕಾಲೇಜಿನ ಕಟ್ಟಡ ಮತ್ತು ಅಧ್ಯಾಪಕರನ್ನೇ ಬಳಸಿಕೊಂಡು, ಸ್ಥಳೀಯ ಉದ್ಯಮದ ಜೊತೆಗೂಡಿ, ಸರ್ಟಿಫಿಕೇಟಿನಿಂದ ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾವರೆಗೆ ಕಲಿಸುವುದು ಸಮುದಾಯ ಕಾಲೇಜಿನ ಕಲ್ಪನೆ. ಮುಂದಿನ ಹಂತಗಳನ್ನು ವಿವರಿಸಲು ಒಂದೇ ಉದಾಹರಣೆಯನ್ನು ಉದ್ದಕ್ಕೂ ಹಿಡಿದುಕೊಂಡಿದ್ದೇನೆ: ಮೀನುಗಾರಿಕಾ ಬಂದರಾದ ಮಲ್ಪೆಯ ಆಸುಪಾಸಿನ ಕಾಲೇಜೊಂದು ಶೈತ್ಯೀಕರಣ ಮತ್ತು ಶೀತಲ ಸರಪಳಿಯ (ಸರಕನ್ನು ತಯಾರಿಯಿಂದ ಮಾರಾಟದವರೆಗೆ ತಣ್ಣಗೆ ಇಡುವ ವ್ಯವಸ್ಥೆಯ) ಕುರಿತು ಒಂದು ವರ್ಷದ ಡಿಪ್ಲೊಮಾ ಆರಂಭಿಸಲು ಯೋಚಿಸುತ್ತಿದೆ ಎಂದಿಟ್ಟುಕೊಳ್ಳೋಣ. ಐಸ್ ಪ್ಲಾಂಟು, ಮೀನು ಸಂಸ್ಕರಣಾ ಘಟಕ, ಆಸ್ಪತ್ರೆ, ಹೋಟೆಲು, ಐಸ್ ಕ್ರೀಂ ತಯಾರಕರು, ಸೂಪರ್ ಮಾರ್ಕೆಟ್ಟು ಇವರೆಲ್ಲರಿಗೂ ಬೇಕಾದ ಕೆಲಸವಾದ್ದರಿಂದ ಈ ಉದಾಹರಣೆ ಅನುಕೂಲಕರ.

ಮೊದಲ ಹಂತ: ಕೆಲಸವನ್ನು ಎಣಿಸುವುದು

ಸಮೀಕ್ಷೆಗೆ ಹೊರಡುವ ಮೊದಲು ಕಾಗದದಲ್ಲಿ ಸಿಗುವ ಮಾಹಿತಿಯನ್ನು ಸಂಗ್ರಹಿಸಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಘಟಕಗಳ ವಿವರ, ಕಾರ್ಖಾನೆಗಳ ಇಲಾಖೆಯಲ್ಲಿ ನೋಂದಾಯಿತ ಕಾರ್ಖಾನೆಗಳ ಪಟ್ಟಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ ಸಮಿತಿಯಲ್ಲಿ ಕೌಶಲ ಯೋಜನೆ, ಮೀನುಗಾರಿಕೆ ಇಲಾಖೆಯಲ್ಲಿ ಐಸ್ ಪ್ಲಾಂಟು ಮತ್ತು ಶೀತಲೀಕರಣ ಘಟಕಗಳ ಮಾಹಿತಿ ಕೇಳಿ ಪಡೆಯಬಹುದು. ಆದರೆ ಈ ಪಟ್ಟಿಗಳು ಘಟಕ ಎಲ್ಲಿದೆ ಎಂದು ಹೇಳುತ್ತವೆಯೇ ಹೊರತು, ಅಲ್ಲಿ ಮುಂದಿನ ವರ್ಷ ಎಷ್ಟು ಜನ ಬೇಕು ಎಂದು ಹೇಳುವುದಿಲ್ಲ. ಅದಕ್ಕೆ ಕಾಲ್ನಡಿಗೆಯ ಸಮೀಕ್ಷೆಯೇ ಬೇಕು.

ಸಮೀಕ್ಷೆಯಲ್ಲಿ ಯಾರೊಡನೆ ಮಾತನಾಡುತ್ತೇವೆ ಎಂಬುದು ಪ್ರಶ್ನಾವಳಿಗಿಂತ ಹೆಚ್ಚು ಮುಖ್ಯ. ಮಾಲೀಕರು ಅಥವಾ ಸಿಬ್ಬಂದಿ ವಿಭಾಗದ ಅಧಿಕಾರಿಗಳು ಸೌಜನ್ಯಕ್ಕಾಗಿ “ಒಳ್ಳೆಯ ಹುಡುಗರನ್ನು ಕೊಡಿ, ಎಷ್ಟು ಜನರನ್ನಾದರೂ ತೆಗೆದುಕೊಳ್ಳುತ್ತೇವೆ” ಎನ್ನುತ್ತಾರೆ. ಆ ಮಾತಿನಲ್ಲಿ ಸದಾಶಯವಿದೆ, ಯೋಜನೆಗೆ ಬೇಕಾದ ಸಂಖ್ಯೆ ಇಲ್ಲ. ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸುವ ಸೂಪರ್‌ವೈಸರು, ಫೋರ್‌ಮನ್ನು, ಹಿರಿಯ ಮೆಕ್ಯಾನಿಕ್ಕು ಇವರ ಬಳಿ ಕುಳಿತರೆ ಮಾತ್ರ ಅದು ಸಿಗುತ್ತದೆ. ಮಲ್ಪೆಯಲ್ಲಾಗಲಿ ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯಲ್ಲಾಗಲಿ ಈ ಮಾತುಕತೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆದರೆ ಹತ್ತು ನಿಮಿಷಕ್ಕೆ ಮುಗಿಯಬೇಕಾದುದು ಒಂದು ಗಂಟೆ ಬೆಳೆಯುತ್ತದೆ. ಆದ್ದರಿಂದ ಮುದ್ರಿತ ಇಂಗ್ಲಿಷ್ ನಮೂನೆಯನ್ನು ತುಂಬಿಕೊಡಿ ಎಂದು ಬಿಟ್ಟುಬರುವ ಪದ್ಧತಿಯನ್ನು ಕೈಬಿಡಬೇಕು.

ಕೇಳಬೇಕಾದ ಪ್ರಶ್ನೆಗಳು ಭವಿಷ್ಯದ ಊಹೆಯನ್ನು ಕೇಳಬಾರದು, ಕಳೆದ ವರ್ಷದ ನಡವಳಿಕೆಯನ್ನು ಕೇಳಬೇಕು. ಕಳೆದ ಹನ್ನೆರಡು ತಿಂಗಳಲ್ಲಿ ಈ ಕೆಲಸಕ್ಕೆ ಎಷ್ಟು ಜನರನ್ನು ಸೇರಿಸಿಕೊಂಡಿರಿ, ಅವರು ಎಲ್ಲಿಂದ ಬಂದರು, ಎಷ್ಟು ಜನ ಬಿಟ್ಟುಹೋದರು, ಎಲ್ಲಿಗೆ ಹೋದರು, ಆರಂಭದ ಸಂಬಳ ಎಷ್ಟು, ಎರಡು ವರ್ಷದ ನಂತರ ಎಷ್ಟು, ಸೇರಿದವರಿಗೆ ಮೊದಲ ಮೂರು ತಿಂಗಳು ಏನು ಕಲಿಸಬೇಕಾಯಿತು ಎಂಬ ಪ್ರಶ್ನೆಗಳಿಗೆ ಬರುವ ಉತ್ತರಗಳೇ ಇಡೀ ಯೋಜನೆಯ ಅಡಿಪಾಯ. ಬಿಟ್ಟವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗೆ ನಮ್ಮಲ್ಲಿ ವಿಶೇಷ ತೂಕವಿದೆ. ಕುವೈತ್, ದುಬೈ, ಸೌದಿ ಎಂಬ ಉತ್ತರ ಮತ್ತೆ ಮತ್ತೆ ಬಂದರೆ, ಸ್ಥಳೀಯ ಖಾಲಿ ಜಾಗ ನಿರಂತರವಾಗಿ ಹುಟ್ಟುತ್ತಿದೆ ಎಂದೂ, ನಮ್ಮ ಪ್ರಮಾಣಪತ್ರ ಹೊರದೇಶದಲ್ಲಿಯೂ ಓದಿ ತಿಳಿಯುವಂತೆ ಇರಬೇಕು ಎಂದೂ ಅರ್ಥ.

ಈಗ ಲೆಕ್ಕ. ಉದಾಹರಣೆಗಾಗಿ, ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ವ್ಯಾಪ್ತಿಯ 30 ಘಟಕಗಳಲ್ಲಿ ಶೈತ್ಯೀಕರಣದ ಕೆಲಸಗಾರರು ಒಟ್ಟು 120 ಮಂದಿ ಇದ್ದಾರೆ ಎಂದು ಭಾವಿಸೋಣ. ವರ್ಷಕ್ಕೆ ಶೇ. 15ರಷ್ಟು ಜನ ಕೆಲಸ ಬಿಟ್ಟರೆ ಅಥವಾ ನಿವೃತ್ತರಾದರೆ 18 ಜಾಗ ತೆರವಾಗುತ್ತದೆ. ವಿಸ್ತರಣೆಯಿಂದ 6 ಹೊಸ ಜಾಗ ಬರುತ್ತದೆ ಎಂದುಕೊಂಡರೆ ಒಟ್ಟು 24. ಹತ್ತಿರದ ಐಟಿಐಗಳಿಂದ ವರ್ಷಕ್ಕೆ 10 ಮಂದಿ ಈ ಕೆಲಸಕ್ಕೆ ಬರುತ್ತಿದ್ದರೆ ಉಳಿಯುವುದು 14. ಕಲಿತವರಲ್ಲಿ ಐದನೆಯ ಒಂದು ಪಾಲು ಮುಂದೆ ಓದಲೋ ಹೊರ ಊರಿಗೋ ಹೋಗುತ್ತಾರೆ, ಹತ್ತನೆಯ ಒಂದು ಪಾಲು ನಡುವೆ ಬಿಡುತ್ತಾರೆ ಎಂದು ಲೆಕ್ಕ ಹಿಡಿದರೆ, 14 ಮಂದಿಯನ್ನು ಕೆಲಸಕ್ಕೆ ಕಳಿಸಲು ಸುಮಾರು 20 ಜನರಿಗೆ ಪ್ರವೇಶ ಕೊಡಬೇಕು. ಅಂದರೆ ತಂಡದ ಗಾತ್ರ 20, ತರಗತಿ ಕೋಣೆಯಲ್ಲಿ 60 ಬೆಂಚುಗಳಿವೆ ಎಂಬ ಕಾರಣಕ್ಕೆ 60 ಅಲ್ಲ. ಇಲ್ಲಿನ ಅಂಕಿಗಳು ಕೇವಲ ರೀತಿಯನ್ನು ತೋರಿಸಲು. ಪ್ರತಿ ಕಾಲೇಜೂ ತನ್ನ ಅಂಕಿಗಳನ್ನು ತಾನೇ ತುಂಬಿಕೊಳ್ಳಬೇಕು. ಲೆಕ್ಕದ ಕೊನೆಯಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಪೂರ್ಣ ಡಿಪ್ಲೊಮಾ ಬೇಡ, ಆರು ತಿಂಗಳ ಸರ್ಟಿಫಿಕೇಟ್ ಸಾಕು, ಅಥವಾ ವರ್ಷ ಬಿಟ್ಟು ವರ್ಷ ಪ್ರವೇಶ ಕೊಟ್ಟರೆ ಸಾಕು ಎಂದು ನಾನು ಹೇಳುತ್ತೇನೆ.

ಐಟಿಐಗಳಂಥ ಬೇರೆ ಸಂಸ್ಥೆಗಳಿಂದ ಬರುವವರ ಸಂಖ್ಯೆಯನ್ನು ಕಳೆಯುವುದನ್ನು ಹಲವರು ಮರೆಯುತ್ತಾರೆ. ಕದ್ರಿಯ ಸರಕಾರಿ ಪಾಲಿಟೆಕ್ನಿಕ್ 1946ರಿಂದ, ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಿಂದ ಕಲಿಸುತ್ತಿವೆ; ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ; ಸ್ವಉದ್ಯೋಗಕ್ಕೆ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಇದೆ. ಇವು ಈಗಾಗಲೇ ಚೆನ್ನಾಗಿ ಮಾಡುತ್ತಿರುವುದನ್ನು ನಾವು ಪುನಃ ಮಾಡಿದರೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ನಷ್ಟ. ಅವರ ಪ್ರಯೋಗಾಲಯವನ್ನು ಬಾಡಿಗೆಗೆ ಕೇಳುವುದು, ಅವರಲ್ಲಿ ಮುಗಿಸಿದವರಿಗೆ ನಮ್ಮಲ್ಲಿ ಮೇಲಿನ ಹಂತ ಒದಗಿಸುವುದು ಹೆಚ್ಚು ಪ್ರಯೋಜನದ ದಾರಿ.

ಎರಡನೆಯ ಹಂತ: ಕಲಿಯಲು ಯಾರು ಬರುತ್ತಾರೆ

ಬೇಡಿಕೆ ಇದ್ದ ಮಾತ್ರಕ್ಕೆ ವಿದ್ಯಾರ್ಥಿಗಳು ಬರುವುದಿಲ್ಲ. ಪಿಯುಸಿ ಮುಗಿಸಿದ ಮಗಳನ್ನೋ ಮಗನನ್ನೋ “ಫ್ರಿಜ್ ರಿಪೇರಿ” ಕಲಿಯಲು ಕಳಿಸುವುದಕ್ಕೆ ತಂದೆತಾಯಿ ಹಿಂಜರಿಯುತ್ತಾರೆ ಎಂಬುದು ಪ್ರವೇಶಾತಿ ಸಮಿತಿಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಇದಕ್ಕೆ ಉತ್ತರ ಜಾಹೀರಾತಿನಲ್ಲಿಲ್ಲ. ಮೇಲೇರುವ ದಾರಿಯನ್ನು ಸ್ಪಷ್ಟವಾಗಿ ತೋರಿಸುವುದರಲ್ಲಿದೆ. ಬಿ.ವೋಕ್. ವ್ಯವಸ್ಥೆಯಲ್ಲಿ ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ ಸಿಗುತ್ತದೆ; ಪದವಿಯನ್ನೇ ಅರ್ಹತೆಯಾಗಿ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಬಿ.ವೋಕ್. ಇತರ ಪದವಿಗಳಿಗೆ ಸಮಾನ ಎಂದು ಅನುದಾನ ಆಯೋಗ ಸ್ಪಷ್ಟಪಡಿಸಿದೆ. ಈ ಎರಡು ಸಂಗತಿಗಳನ್ನು ಪೋಷಕರ ಸಭೆಯಲ್ಲಿ ಮೊದಲೇ ಹೇಳಬೇಕು. ಹಾಗೆ ಹೇಳುವ ಮುನ್ನ ನಮ್ಮ ಡಿಪ್ಲೊಮಾ ಮುಗಿಸಿದವರನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವ ಕಾಲೇಜು ಯಾವುದು ಎಂದು ಬರಹದಲ್ಲಿ ಖಚಿತ ಮಾಡಿಕೊಂಡಿರಬೇಕು.

ಇನ್ನೊಂದು ವರ್ಗದ ಕಲಿಯುವವರನ್ನು ಕಾಲೇಜುಗಳು ಗಮನಿಸುವುದೇ ಇಲ್ಲ: ಎಸ್ಸೆಸ್ಸೆಲ್ಸಿಯ ನಂತರ ಕೆಲಸಕ್ಕೆ ಸೇರಿ, ಇಪ್ಪತ್ತು ವರ್ಷ ಕಂಪ್ರೆಸರ್ ಬಿಚ್ಚಿ ಜೋಡಿಸಿ, ಕೈಯಲ್ಲಿ ಒಂದು ಕಾಗದವೂ ಇಲ್ಲದ ಮೆಕ್ಯಾನಿಕ್ಕುಗಳು. ಪೂರ್ವಕಲಿಕೆಗೆ ಮಾನ್ಯತೆ ಕೊಡುವ ವ್ಯವಸ್ಥೆ ರಾಷ್ಟ್ರೀಯ ಕೌಶಲ ಚೌಕಟ್ಟಿನಲ್ಲಿದೆ. ಸಂಜೆಯ ತಂಡವೊಂದನ್ನು ಇವರಿಗಾಗಿ ನಡೆಸಿದರೆ, ಅವರಿಗೆ ಪ್ರಮಾಣಪತ್ರ ಸಿಗುತ್ತದೆ, ನಮಗೆ ಮುಂದಿನ ವರ್ಷಗಳ ತರಬೇತುದಾರರು ಸಿಗುತ್ತಾರೆ.

ಬಸ್ಸಿನ ವೇಳಾಪಟ್ಟಿಯನ್ನೂ ಈ ಹಂತದಲ್ಲೇ ನೋಡಬೇಕು. ಹೆಬ್ರಿ, ಬೈಂದೂರು ಕಡೆಯಿಂದ ಬರುವವರಿಗೆ ಬೆಳಗ್ಗೆ ಎಂಟಕ್ಕೆ ಪ್ರಾಕ್ಟಿಕಲ್ ಇಟ್ಟರೆ ಆ ಕೋರ್ಸು ಅವರಿಗೆ ಇಲ್ಲವೆಂದೇ ಅರ್ಥ. ವಿದ್ಯಾರ್ಥಿನಿಯರಿಗೆ ಸಂಜೆ ಆರರ ನಂತರದ ತರಬೇತಿ ಕಡ್ಡಾಯವಾದರೂ ಹಾಗೆಯೇ.

ಮೂರನೆಯ ಹಂತ: ಕೆಲಸವನ್ನು ಬಿಡಿಸಿ ನೋಡುವುದು

ಪಠ್ಯಕ್ರಮ ಬರೆಯುವ ಮೊದಲು ಮಾಡಬೇಕಾದ ಈ ಕೆಲಸಕ್ಕೆ ಡೇಕಮ್ ಎಂಬ ವಿಧಾನವಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ಇದು ಇಂದಿಗೂ ಹಲವು ದೇಶಗಳ ವೃತ್ತಿ ಶಿಕ್ಷಣದಲ್ಲಿ ಬಳಕೆಯಲ್ಲಿದೆ. ಆ ಕೆಲಸವನ್ನು ಚೆನ್ನಾಗಿ ಮಾಡುವ ಐದರಿಂದ ಹನ್ನೆರಡು ಮಂದಿ ಕೆಲಸಗಾರರನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ, ಅವರು ಮಾಡುವ ಪ್ರತಿಯೊಂದು ಕೆಲಸವನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾ, ದೊಡ್ಡ ಹೊಣೆಗಳ ಕೆಳಗೆ ಸಣ್ಣ ಕೆಲಸಗಳನ್ನು ಜೋಡಿಸುತ್ತಾ ಹೋಗುವುದೇ ವಿಧಾನ. ನಡೆಸುವವರು ಆ ವಿಷಯದ ಪಂಡಿತರಾಗಿರಬೇಕಿಲ್ಲ, ಕೇಳಿಸಿಕೊಳ್ಳುವವರಾಗಿದ್ದರೆ ಸಾಕು. ಅಧ್ಯಾಪಕರು ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳಬೇಕು, ಬಾಯಿ ಹಾಕಬಾರದು. ಎರಡು ದಿನದ ಕೂಲಿಯನ್ನು ಕೆಲಸಗಾರರಿಗೆ ಕಾಲೇಜು ಕೊಡಲೇಬೇಕು. ಅವರ ಜ್ಞಾನವನ್ನು ಬಿಟ್ಟಿಯಾಗಿ ಪಡೆಯುವುದು ಸರಿಯಲ್ಲ.

ಐಸ್ ಪ್ಲಾಂಟ್ ಆಪರೇಟರ್ ಒಬ್ಬರ ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. “ಗಂಟೆಗೊಮ್ಮೆ ಕಂಪ್ರೆಸರಿನ ಸಕ್ಷನ್ ಮತ್ತು ಡಿಸ್ಚಾರ್ಜ್ ಒತ್ತಡ, ಎಣ್ಣೆಯ ಮಟ್ಟ, ಉಪ್ಪುನೀರಿನ ತೊಟ್ಟಿಯ ಉಷ್ಣತೆ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುವುದು.” ಓದಲು ಇದು ಗುಮಾಸ್ತಗಿರಿಯಂತೆ ಕಾಣುತ್ತದೆ. ಆದರೆ ಡಿಸ್ಚಾರ್ಜ್ ಒತ್ತಡ ನಿನ್ನೆಗಿಂತ ಏರಿದೆ ಎಂದಾಗ ಕಂಡೆನ್ಸರಿಗೆ ನೀರು ಸಾಕಷ್ಟು ಬರುತ್ತಿಲ್ಲವೋ, ಕೊಳವೆಯೊಳಗೆ ಕಲ್ಮಶ ಕಟ್ಟಿದೆಯೋ, ವ್ಯವಸ್ಥೆಯೊಳಗೆ ಗಾಳಿ ಸೇರಿದೆಯೋ ಎಂದು ಬೇರ್ಪಡಿಸಿ ಯೋಚಿಸುವುದು ಆ ಚೀಟಿಯ ಹಿಂದಿರುವ ನಿಜವಾದ ಕೆಲಸ. ಅಮೋನಿಯಾದ ವಾಸನೆ ಬಂದ ಕೂಡಲೇ ಯಾವ ವಾಲ್ವನ್ನು ಮೊದಲು ಮುಚ್ಚಬೇಕು, ಮುಖವಾಡ ಎಲ್ಲಿ ತೂಗುಹಾಕಿದೆ, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇನ್ನೊಂದು. ಶೈತ್ಯೀಕರಣದ ಆವರ್ತವನ್ನು ಪರೀಕ್ಷೆಯಲ್ಲಿ ಅಂದವಾಗಿ ಬಿಡಿಸಿದ ವಿದ್ಯಾರ್ಥಿಗೂ ಈ ಎರಡರಲ್ಲಿ ಒಂದೂ ಬಾರದಿರಬಹುದು. ಪಠ್ಯಕ್ರಮ ಇರಬೇಕಾದದ್ದು ಆ ಅಂತರವನ್ನು ತುಂಬುವುದಕ್ಕೆ.

ಎಲ್ಲ ಚೀಟಿಗಳೂ ಗೋಡೆಯ ಮೇಲೆ ಬಂದ ನಂತರ ಪ್ರತಿಯೊಂದಕ್ಕೂ ಮೂರು ಗುರುತು ಹಾಕಿಸಬೇಕು: ಎಷ್ಟು ಸಲ ಮಾಡುತ್ತೀರಿ, ತಪ್ಪಿದರೆ ಏನು ಕೆಡುತ್ತದೆ, ಹೊಸಬರಿಗೆ ಕಲಿಯಲು ಎಷ್ಟು ಕಷ್ಟ. ಅಪರೂಪಕ್ಕೆ ಮಾಡಿದರೂ ತಪ್ಪಿದರೆ ಜೀವಕ್ಕೆ ಅಪಾಯವಿರುವ ಕೆಲಸಗಳು ಪಠ್ಯದಲ್ಲಿ ಇರಲೇಬೇಕು. ದಿನವೂ ಮಾಡುವ, ಒಂದು ವಾರದಲ್ಲಿ ಕೆಲಸದ ಜಾಗದಲ್ಲೇ ಕಲಿಯಬಹುದಾದವುಗಳನ್ನು ಬಿಡಬಹುದು. ಮುಂದೆ ಬರಲಿರುವ ಬದಲಾವಣೆಯನ್ನೂ ಇಲ್ಲಿಯೇ ಸೇರಿಸಬೇಕು. ಶೈತ್ಯೀಕರಣ ಯಂತ್ರಗಳಲ್ಲಿ ತಂಪು ಮಾಡಲು ಬಳಸುವ ಆರ್-22 ಅನಿಲವನ್ನು ಭಾರತ 2030ರೊಳಗೆ ಹಂತಹಂತವಾಗಿ ಕೈಬಿಡಬೇಕಿದೆ. ಅದರ ಜಾಗಕ್ಕೆ ಬರುತ್ತಿರುವ ಆರ್-32 ಮತ್ತು ಆರ್-290 ಬೆಂಕಿ ಹಿಡಿಯುವ ಗುಣ ಉಳ್ಳವು. ಹಳೆಯ ಮೆಕ್ಯಾನಿಕ್ಕಿನ ಅಭ್ಯಾಸವನ್ನಷ್ಟೇ ದಾಖಲಿಸಿ ಪಠ್ಯ ಮಾಡಿದರೆ ಈ ಎಚ್ಚರ ಅದರಲ್ಲಿ ಇರುವುದಿಲ್ಲ.

ನಾಲ್ಕನೆಯ ಹಂತ: ಚೌಕಟ್ಟಿಗೆ ಹೊಂದಿಸುವುದು

ಕೆಲಸದ ಪಟ್ಟಿ ಸಿದ್ಧವಾದ ಮೇಲೆ, ಅದಕ್ಕೆ ಹತ್ತಿರದ ರಾಷ್ಟ್ರೀಯ ವೃತ್ತಿ ಮಾನದಂಡ ಯಾವುದು ಎಂದು ರಾಷ್ಟ್ರೀಯ ಅರ್ಹತಾ ನೋಂದಣಿ ತಾಣದಲ್ಲಿ ಹುಡುಕಬೇಕು. ಆಯಾ ಉದ್ಯಮ ವಲಯದ ಕೌಶಲಗಳಿಗೆ ಮಾನದಂಡ ರೂಪಿಸುವ ವಲಯ ಕೌಶಲ ಮಂಡಳಿಯ ಅರ್ಹತಾ ದಾಖಲೆಗೂ ನಮ್ಮ ಗೋಡೆಯ ಚೀಟಿಗಳಿಗೂ ತಾಳೆ ಹಾಕಿದಾಗ ಹೆಚ್ಚಿನವು ಹೊಂದುತ್ತವೆ. ಹೊಂದದೆ ಉಳಿಯುವ ಸ್ಥಳೀಯ ಕೆಲಸಗಳನ್ನು, ಉದಾಹರಣೆಗೆ ಬೋಟಿನಲ್ಲಿ ಮೀನು ತುಂಬಿಡುವ ಹೋಲ್ಡಿನ ಶೀತಲೀಕರಣವನ್ನು, ಐಚ್ಛಿಕ ಘಟಕವಾಗಿ ಸೇರಿಸಬಹುದು. ಒಂದು ಎಚ್ಚರಿಕೆ: 2013ರ ಡಿಸೆಂಬರಿನಲ್ಲಿ ಅಧಿಸೂಚಿತವಾದ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ಹತ್ತು ಹಂತಗಳಿದ್ದವು, 2023ರ ಪರಿಷ್ಕರಣೆಯ ನಂತರ ಎಂಟು ಹಂತಗಳಿವೆ, ನಡುವೆ 4.5, 5.5 ಎಂಬ ಅರ್ಧ ಹಂತಗಳೂ ಇವೆ. ಹಳೆಯ ದಾಖಲೆಯ ಹಂತಸಂಖ್ಯೆಯನ್ನು ಹೊಸ ಪ್ರಸ್ತಾವದಲ್ಲಿ ಹಾಗೆಯೇ ನಕಲು ಮಾಡಿದರೆ ಪರಿಶೀಲನೆಯಲ್ಲಿ ಹಿಂದಕ್ಕೆ ಬರುತ್ತದೆ.

ಅನುದಾನ ಆಯೋಗದ ಸಮುದಾಯ ಕಾಲೇಜು ಮತ್ತು ಬಿ.ವೋಕ್. ಮಾದರಿಯಲ್ಲಿ ಒಂದು ವರ್ಷದ ಡಿಪ್ಲೊಮಾಕ್ಕೆ 60 ಕ್ರೆಡಿಟ್ (ಕ್ರೆಡಿಟ್ ಎಂದರೆ ಕಲಿಕೆಯ ಗಂಟೆಗಳನ್ನು ಅಳೆಯುವ ಮಾನ). ಅದರಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಪದವಿ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕದಂತೆ ತರಗತಿ ಪಾಠದಲ್ಲಿ 15 ಗಂಟೆಗೆ, ಪ್ರಾಯೋಗಿಕದಲ್ಲಿ 30 ಗಂಟೆಗೆ ಒಂದು ಕ್ರೆಡಿಟ್ ಎಂದಿಟ್ಟುಕೊಳ್ಳೋಣ. ಕೌಶಲದ 36ರಲ್ಲಿ 8 ಕ್ರೆಡಿಟ್ ಸಿದ್ಧಾಂತ, 28 ಪ್ರಾಯೋಗಿಕ ಎಂದು ಹಂಚಿದರೆ 120 ಮತ್ತು 840 ಗಂಟೆ; ಸಾಮಾನ್ಯ ಶಿಕ್ಷಣ 360 ಗಂಟೆ; ಒಟ್ಟು 1320. ವರ್ಷಕ್ಕೆ 32 ವಾರ ತರಗತಿ ನಡೆದರೆ ವಾರಕ್ಕೆ 41 ಗಂಟೆ ಬೇಕಾಗುತ್ತದೆ, ಅದು ಯಾವ ವೇಳಾಪಟ್ಟಿಗೂ ಹಿಡಿಸುವುದಿಲ್ಲ. ಪ್ರಾಯೋಗಿಕದ 10 ಕ್ರೆಡಿಟ್, ಅಂದರೆ 300 ಗಂಟೆಯನ್ನು, ತರಗತಿಯ ವಾರಗಳ ಹೊರಗೆ ಕೆಲಸದ ಜಾಗದಲ್ಲೇ ಪೂರೈಸಿದರೆ ಉಳಿಯುವುದು 1020. ವಾರಕ್ಕೆ ಸುಮಾರು 32 ಗಂಟೆ. ಆರು ದಿನದ ವಾರದಲ್ಲಿ ಅದು ಸಾಧ್ಯ. ಈ ಗುಣಾಕಾರವನ್ನು ಪ್ರಸ್ತಾವ ಬರೆಯುವಾಗಲೇ ಮಾಡಬೇಕು.

ಸಾಮಾನ್ಯ ಶಿಕ್ಷಣದ 24 ಕ್ರೆಡಿಟನ್ನು ಯಾವ ವಿಭಾಗಕ್ಕೆ ವರ್ಕ್‌ಲೋಡ್ ಕಡಿಮೆಯಿದೆಯೋ ಆ ವಿಭಾಗಕ್ಕೆ ಹಂಚುವ ಪದ್ಧತಿ ಕೆಲವೆಡೆ ಇದೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಎಂಬ ನಿಯಮವಿರುವಾಗ ಅಧ್ಯಾಪಕರ ಆತಂಕ ಅರ್ಥವಾಗುವಂಥದ್ದೇ. ಆದರೂ ಈ ಗಂಟೆಗಳು ವಿದ್ಯಾರ್ಥಿಯವು. ಕೆಲಸದ ಜಾಗದಲ್ಲಿ ವರದಿ ಬರೆಯುವ ಕನ್ನಡ ಮತ್ತು ಇಂಗ್ಲಿಷ್, ಯಂತ್ರದ ಕೈಪಿಡಿ ಓದುವುದು, ಒಡಿಶಾ, ಝಾರ್ಖಂಡ್ ಕಡೆಯ ಸಹೋದ್ಯೋಗಿಗಳೊಡನೆ ವ್ಯವಹರಿಸಲು ಬೇಕಾದ ಹಿಂದಿ, ಅಂದಾಜುಪಟ್ಟಿ ಮತ್ತು ಬಿಲ್ಲಿನ ಲೆಕ್ಕ, ಜಿಎಸ್‌ಟಿ, ಕಾರ್ಮಿಕ ಕಾನೂನಿನ ಮೂಲಪಾಠ ಇವು ಇಲ್ಲಿ ಬರಬೇಕು. ಸಾಹಿತ್ಯಕ್ಕೂ ಜಾಗವಿರಲಿ; ಕೈಕೆಲಸ ಕಲಿಯುವವರಿಗೆ ಕವಿತೆ ಬೇಡ ಎಂದು ತೀರ್ಮಾನಿಸುವ ಹಕ್ಕು ನಮಗಿಲ್ಲ.

ಐದನೆಯ ಹಂತ: ಕಾಲೇಜಿನ ಕ್ಯಾಲೆಂಡರನ್ನು ಕೆಲಸದ ಋತುವಿಗೆ ಹೊಂದಿಸುವುದು

ಕರಾವಳಿಯಲ್ಲಿ ಈ ಹಂತವನ್ನು ಬಿಟ್ಟರೆ ಉಳಿದ ಶ್ರಮ ಅರ್ಧ ವ್ಯರ್ಥ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಮೀನು ಸಂಸ್ಕರಣಾ ಘಟಕಕ್ಕೆ ಗುಣಮಟ್ಟ ಪರೀಕ್ಷೆ ಕಲಿಯಲು ವಿದ್ಯಾರ್ಥಿಗಳನ್ನು ಕಳಿಸಿದರೆ ಅವರು ಖಾಲಿ ಮೇಜನ್ನು ನೋಡಿ ಬರುತ್ತಾರೆ. ಆದರೆ ನಮ್ಮ ಉದಾಹರಣೆಯ ಡಿಪ್ಲೊಮಾಕ್ಕೆ ಅದೇ ಎರಡು ತಿಂಗಳು ಅತ್ಯುತ್ತಮ ಕಾಲ: ಬೋಟುಗಳು ದಡ ಸೇರಿರುತ್ತವೆ, ಐಸಿನ ಬೇಡಿಕೆ ಇಳಿದಿರುತ್ತದೆ, ವರ್ಷವಿಡೀ ನಿಲ್ಲಿಸಲಾಗದ ಯಂತ್ರವನ್ನು ಬಿಚ್ಚಿ ಓವರ್‌ಹಾಲ್ ಮಾಡಲು ಬಿಡುವು ಸಿಗುತ್ತದೆ. ಆಗಸ್ಟಿನಲ್ಲಿ ತರಗತಿ ಆರಂಭಿಸಿ, ಮೇ ತಿಂಗಳಿಗೆ ಪರೀಕ್ಷೆ ಮುಗಿಸಿ, ಜೂನ್‌–ಜುಲೈಯಲ್ಲಿ ಎಂಟು ಗಂಟೆಯ 38 ಕೆಲಸದ ದಿನಗಳಿಗೆ ಕಳಿಸಿದರೆ 300 ಗಂಟೆ ಭರ್ತಿಯಾಗುತ್ತದೆ. ಹೊಸ ಮೀನುಗಾರಿಕಾ ಋತು ಆರಂಭವಾಗಿ ಘಟಕಗಳಿಗೆ ಜನ ಬೇಕಾದ ಹೊತ್ತಿಗೆ ವಿದ್ಯಾರ್ಥಿ ಸಿದ್ಧನಾಗಿರುತ್ತಾನೆ, ಸಿದ್ಧಳಾಗಿರುತ್ತಾಳೆ.

ಬೇರೆ ಕೋರ್ಸುಗಳಿಗೂ ಇದೇ ಕಣ್ಣು ಬೇಕು. ಆತಿಥ್ಯದ ಕೋರ್ಸಾದರೆ ಸೈಂಟ್ ಮೇರೀಸ್ ದ್ವೀಪದ ಬೋಟು ನಿಲ್ಲುವ ಮಳೆಗಾಲದಲ್ಲಿ ಸಿದ್ಧಾಂತ ಪಾಠ, ಡಿಸೆಂಬರ್–ಜನವರಿಯಲ್ಲಿ ಹೋಟೆಲ್ ತರಬೇತಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯೋತ್ಸವದ ಸಮಯದಲ್ಲಿ ಉಡುಪಿಯ ಪ್ರತಿ ಲಾಡ್ಜಿಗೂ ಹೆಚ್ಚುವರಿ ಕೈ ಬೇಕು. ವಿಶ್ವವಿದ್ಯಾಲಯದ ಏಕರೂಪ ಪರೀಕ್ಷಾ ವೇಳಾಪಟ್ಟಿ ಇದಕ್ಕೆ ಅಡ್ಡ ಬರುತ್ತದೆ ಎಂಬುದು ನಿಜ. ಸ್ವಾಯತ್ತ ಕಾಲೇಜುಗಳಿಗೆ ಇದು ಸುಲಭ. ಉಳಿದವರು ಕೌಶಲ ಭಾಗದ ಮೌಲ್ಯಮಾಪನವನ್ನು ಪ್ರತ್ಯೇಕವಾಗಿ ನಡೆಸಲು ಪ್ರಸ್ತಾವದಲ್ಲೇ ಅನುಮತಿ ಕೇಳಬೇಕು.

ಆರನೆಯ ಹಂತ: ಉದ್ಯಮದೊಡನೆ ಒಪ್ಪಂದ

ವೇದಿಕೆಯಲ್ಲಿ ಕಡತ ಬದಲಾಯಿಸಿ ಫೋಟೋ ತೆಗೆಸಿಕೊಳ್ಳುವ ಒಪ್ಪಂದಗಳಿಂದ ವಿದ್ಯಾರ್ಥಿಗೆ ಏನೂ ಸಿಗುವುದಿಲ್ಲ. ಒಪ್ಪಂದದಲ್ಲಿ ಇರಬೇಕಾದ್ದು: ಒಂದು ಸಲಕ್ಕೆ ಎಷ್ಟು ಮಂದಿ, ಯಾವ ದಿನಾಂಕದಿಂದ, ಯಾವ ಯಂತ್ರದ ಮೇಲೆ, ಯಾರ ಕೈಕೆಳಗೆ, ದಿನಚರಿ ಪುಸ್ತಕಕ್ಕೆ ಸಹಿ ಹಾಕುವವರು ಯಾರು, ಹೆಲ್ಮೆಟ್, ಶೂ, ಅನಿಲ ಮುಖವಾಡ ಯಾರ ಹೊಣೆ, ಅಪಘಾತ ವಿಮೆ ಯಾರದು, ಊಟ ಮತ್ತು ಬಸ್ಸಿನ ಖರ್ಚು ಎಷ್ಟು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ. ಕೊನೆಯ ಪ್ರಶ್ನೆಯನ್ನು ಸ್ಥಳಕ್ಕೆ ಹೋಗಿ ನೋಡಿಯೇ ಬರೆಯಬೇಕು, ದೂರವಾಣಿಯಲ್ಲಿ ಕೇಳಿ ಬರೆಯಬಾರದು.

ಅಪ್ರೆಂಟಿಸ್ ಕಾಯಿದೆಯನ್ನೂ ಬಳಸಿಕೊಳ್ಳಬೇಕು. 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು 1961ರ ಕಾಯಿದೆಯ ಈಗಿನ ನಿಯಮಗಳ ಪ್ರಕಾರ ಕಡ್ಡಾಯ. ನಾಲ್ಕಕ್ಕಿಂತ ಕಡಿಮೆಯಿಲ್ಲದ ಸಣ್ಣ ಘಟಕಗಳಿಗೆ ಐಚ್ಛಿಕ. ಅನೇಕ ಸಣ್ಣ ಮಾಲೀಕರಿಗೆ ಇದು ತಿಳಿದಿಲ್ಲ, ನೋಂದಣಿಯ ಕೆಲಸಕ್ಕೆ ಅವರಲ್ಲಿ ಜನವೂ ಇಲ್ಲ. ಆ ಕೆಲಸವನ್ನು ಕಾಲೇಜಿನ ಕಚೇರಿಯ ಒಬ್ಬರು ಅವರ ಪರವಾಗಿ ಕುಳಿತು ಮಾಡಿಕೊಟ್ಟರೆ ಬಾಗಿಲು ತಾನಾಗಿ ತೆರೆಯುತ್ತದೆ.

ಏಳನೆಯ ಹಂತ: ಕಲಿಸುವವರು, ಉಪಕರಣ, ಹಣ

2022ರಲ್ಲಿ ಅನುದಾನ ಆಯೋಗ ತಂದ “ಪ್ರೊಫೆಸರ್ ಆಫ್ ಪ್ರಾಕ್ಟೀಸ್” ವ್ಯವಸ್ಥೆಯು ಹಿರಿಯ ಹುದ್ದೆಯ ತಜ್ಞರಿಗಾಗಿ ಇರುವುದು, ಮಂಜೂರಾದ ಹುದ್ದೆಗಳ ಶೇ. 10ಕ್ಕೆ ಸೀಮಿತ. ನಮಗೆ ಬೇಕಾದ ಮೆಕ್ಯಾನಿಕ್ ಅದರಡಿ ಬರುವುದು ಕಷ್ಟ. ಅವರನ್ನು ಕೌಶಲ ತರಬೇತುದಾರರೆಂದು ಗಂಟೆ ಲೆಕ್ಕದಲ್ಲಿ ನೇಮಿಸಿ, ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಜೊತೆಗೆ ನಿಲ್ಲಿಸುವುದು ಉತ್ತಮ. ಒಬ್ಬರು ಕೈ ತೋರಿಸುತ್ತಾರೆ, ಇನ್ನೊಬ್ಬರು ಕಾರಣ ಹೇಳುತ್ತಾರೆ.

ಬಜೆಟ್ಟಿನಲ್ಲಿ ಯಂತ್ರದ ಬೆಲೆಯನ್ನು ಎಲ್ಲರೂ ಬರೆಯುತ್ತಾರೆ, ಸವೆಯುವ ಸಾಮಗ್ರಿಯನ್ನು ಬರೆಯುವುದಿಲ್ಲ. ತಾಮ್ರದ ಕೊಳವೆ, ಬ್ರೇಜಿಂಗ್ ಸರಳು, ಆಮ್ಲಜನಕ ಮತ್ತು ಅನಿಲದ ಸಿಲಿಂಡರು, ರೆಫ್ರಿಜರೆಂಟ್ ಇವುಗಳಿಗೆ ಪ್ರತಿ ವಿದ್ಯಾರ್ಥಿಯ ತಲಾ ಲೆಕ್ಕದಲ್ಲಿ ವಾರ್ಷಿಕ ಮೊತ್ತ ಮೀಸಲಿಡದಿದ್ದರೆ ಎರಡನೆಯ ವರ್ಷದಿಂದ ಪ್ರಾಕ್ಟಿಕಲ್ ಎಂದರೆ ಒಬ್ಬ ಮಾಡುವುದು, ಹತ್ತೊಂಬತ್ತು ಮಂದಿ ನೋಡುವುದು ಎಂದಾಗುತ್ತದೆ. ದೊಡ್ಡ ಅಮೋನಿಯಾ ಯಂತ್ರವನ್ನು ಕಾಲೇಜು ಕೊಳ್ಳುವ ಅಗತ್ಯವೇ ಇಲ್ಲ, ಅದು ಒಪ್ಪಂದದ ಐಸ್ ಪ್ಲಾಂಟಿನಲ್ಲಿದೆ. ಗೇಜ್ ಸೆಟ್, ವ್ಯಾಕ್ಯೂಮ್ ಪಂಪ್, ಕ್ಲ್ಯಾಂಪ್ ಮೀಟರ್‌ಗಳಂಥ ಕೈ ಉಪಕರಣಗಳು ಮಾತ್ರ ಇಬ್ಬರಿಗೊಂದರಂತೆ ಇರಲೇಬೇಕು.

ಎಂಟನೆಯ ಹಂತ: ಅನುಮೋದನೆ

ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಂಯೋಜಿತ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿಯ ಭೇಟಿ, ಕೌಶಲ ಮಂಡಳಿಯ ಒಪ್ಪಿಗೆ: ಇವುಗಳ ದಿನಾಂಕಗಳನ್ನು ಆಗಸ್ಟಿನಿಂದ ಹಿಂದಕ್ಕೆ ಎಣಿಸಿ ಬರೆದುಕೊಂಡರೆ ಸಮೀಕ್ಷೆಯನ್ನು ಹಿಂದಿನ ವರ್ಷದ ಸೆಪ್ಟೆಂಬರಿನೊಳಗೆ ಆರಂಭಿಸಬೇಕು ಎಂದು ತಿಳಿಯುತ್ತದೆ. ಅಧ್ಯಯನ ಮಂಡಳಿಯಲ್ಲಿ ಉದ್ಯಮದ ಪ್ರತಿನಿಧಿಯಾಗಿ ಡೇಕಮ್ ಸಭೆಗೆ ಬಂದಿದ್ದ ಒಬ್ಬ ಫೋರ್‌ಮನ್ನರನ್ನು ಸೇರಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯದ ಸಲಹೆ.

ಒಂಬತ್ತನೆಯ ಹಂತ: ಮೌಲ್ಯಮಾಪನ, ಹಿಂಬಾಲಿಕೆ, ನಿಲುಗಡೆ

ಕೌಶಲದ ಪರೀಕ್ಷೆ ಗೋಡೆಯ ಚೀಟಿಗಳಿಂದಲೇ ಹುಟ್ಟಬೇಕು. ದೋಷ ಹಾಕಿಟ್ಟ ಯಂತ್ರದ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ, ಒತ್ತಡ ಓದಿ, ಕಾರಣ ಹೇಳಿ, ಸರಿಪಡಿಸಿ ತೋರಿಸಲು ಹೇಳುವುದು. ಹೊರಗಿನ ಪರೀಕ್ಷಕರಾಗಿ ಕೌಶಲ ಮಂಡಳಿಯ ಮೌಲ್ಯಮಾಪಕರ ಜೊತೆ ಸ್ಥಳೀಯ ಸೂಪರ್‌ವೈಸರ್ ಒಬ್ಬರು ಇರುವುದು. ಗಳಿಸಿದ ಕ್ರೆಡಿಟ್‌ಗಳನ್ನು ಅವುಗಳ ಡಿಜಿಟಲ್ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ದಾಖಲಿಸಿದರೆ, ಎರಡು ವರ್ಷ ದುಡಿದು ಮರಳಿ ಓದಲು ಬರುವವರಿಗೆ ದಾರಿ ಉಳಿಯುತ್ತದೆ.

ಹೊರಹೋದವರನ್ನು ಆರು ತಿಂಗಳು, ಹನ್ನೆರಡು ತಿಂಗಳು ಮತ್ತು ಎರಡು ವರ್ಷದ ನಂತರ ದೂರವಾಣಿಯಲ್ಲಿ ಸಂಪರ್ಕಿಸಬೇಕು. ಕ್ಯಾಂಪಸ್ ಆಯ್ಕೆಯ ದಿನದ ಸಂಖ್ಯೆ ಪತ್ರಿಕೆಯ ಜಾಹೀರಾತಿಗೆ ಸಾಕು, ಯೋಜನೆಗೆ ಸಾಲದು. ಕೇಳಬೇಕಾದ್ದು ಅದೇ ಕೆಲಸದಲ್ಲಿದ್ದಾರೆಯೇ, ಸಂಬಳ ಏರಿದೆಯೇ, ಕಲಿತದ್ದರಲ್ಲಿ ಯಾವುದು ಬಳಕೆಗೆ ಬರಲಿಲ್ಲ, ಯಾವುದನ್ನು ಕಲಿಸಬೇಕಿತ್ತು. ಕೆಲಸ ಬಿಟ್ಟು ಮನೆಯಲ್ಲಿರುವವರನ್ನು ಎಣಿಕೆಯಿಂದ ಹೊರಗಿಡಬಾರದು; ಅವರ ಉತ್ತರವೇ ಹೆಚ್ಚು ಕಲಿಸುತ್ತದೆ. ಈ ಉತ್ತರಗಳನ್ನು ಮುಂದಿಟ್ಟುಕೊಂಡು ಪಠ್ಯವನ್ನು ಪ್ರತಿ ವರ್ಷ ಸಣ್ಣದಾಗಿ, ಮೂರು ವರ್ಷಕ್ಕೊಮ್ಮೆ ಹೊಸ ಡೇಕಮ್ ನಡೆಸಿ ಪೂರ್ತಿಯಾಗಿ ತಿದ್ದಬೇಕು.

ಇನ್ನು ನಿಲ್ಲಿಸುವ ಷರತ್ತು. ಎರಡು ವರ್ಷ ಸತತವಾಗಿ ಪ್ರವೇಶ ಅರ್ಧಕ್ಕಿಂತ ಕಡಿಮೆಯಾದರೆ, ಅಥವಾ ಒಂದು ವರ್ಷದ ನಂತರ ಸಂಬಂಧಪಟ್ಟ ಕೆಲಸದಲ್ಲಿ ಉಳಿದವರು ಅರ್ಧಕ್ಕಿಂತ ಕಡಿಮೆಯಾದರೆ, ಮರುಸಮೀಕ್ಷೆ ನಡೆಸದೆ ಹೊಸ ಪ್ರವೇಶ ಕೊಡಬಾರದು ಎಂದು ಪ್ರಸ್ತಾವದಲ್ಲೇ ಬರೆದಿಡಬೇಕು. ಮಿತಿ ಎಷ್ಟೆಂಬುದನ್ನು ಕಾಲೇಜು ನಿರ್ಧರಿಸಲಿ, ಆದರೆ ಮೊದಲ ತಂಡ ಸೇರುವ ಮೊದಲೇ ನಿರ್ಧರಿಸಲಿ. ಕೋರ್ಸಿನ ಸುತ್ತ ಹುದ್ದೆಗಳೂ ಹೆಮ್ಮೆಯೂ ಬೆಳೆದ ಮೇಲೆ ಅದು ಯಾರಿಂದಲೂ ಆಗುವುದಿಲ್ಲ. ನಿಲ್ಲಿಸುವಾಗ ಒಳಗಿರುವ ಕೊನೆಯ ತಂಡಕ್ಕೆ ಪೂರ್ಣ ಪಾಠ, ಪೂರ್ಣ ತರಬೇತಿ, ಅನುತ್ತೀರ್ಣರಾದವರಿಗೆ ಕನಿಷ್ಠ ಎರಡು ಮರುಪರೀಕ್ಷೆಗಳ ಅವಕಾಶವಿರಬೇಕು. ಕೈ ಉಪಕರಣಗಳನ್ನು ಹತ್ತಿರದ ಐಟಿಐಗೆ ಹಸ್ತಾಂತರಿಸಬಹುದು. ಗೋಡೆಯ ಚೀಟಿಗಳ ಪ್ರತಿ, ಸಮೀಕ್ಷೆಯ ನಮೂನೆಗಳು ಮತ್ತು ಹಳೆಯ ವಿದ್ಯಾರ್ಥಿಗಳ ಸಂಪರ್ಕ ಪಟ್ಟಿಯನ್ನು ಕಾಲೇಜಿನ ಕಚೇರಿಯಲ್ಲಿ ಒಂದೇ ಕಡತದಲ್ಲಿ ಇಟ್ಟು, ಅದರ ಹೊಣೆಯನ್ನು ಹೆಸರು ಹಿಡಿದು ಒಬ್ಬ ಅಧ್ಯಾಪಕರಿಗೆ ವಹಿಸಬೇಕು.